ಐದು ಗಂಟೆಯ ಸ್ಪ್ಯಾನಿಷ್, ಮನೆತುಂಬ ಮಾತು

ಒಂಬತ್ತೂವರೆ ತಿಂಗಳ ಕೂಸಿಗೆ ಸ್ಪ್ಯಾನಿಷ್ ಪಾಠ! ಕೇಳಿದವರಿಗೆ ಅತಿಯಾಯಿತು ಅನ್ನಿಸಬಹುದು. ಆದರೆ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಕಾನ್‌ಬಾಯ್ ಮತ್ತು ಪೆಟ್ರೀಷಿಯಾ ಕೂಲ್ ಇದನ್ನೇ ಮಾಡಿ ನೋಡಿದರು. ಮನೆಯಲ್ಲಿ ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆಯುತ್ತಿದ್ದ ಕೂಸುಗಳನ್ನು ಸ್ಪ್ಯಾನಿಷ್ ಮಾತೃಭಾಷೆಯವರ ಜೊತೆ ಆಟಕ್ಕೆ ಬಿಟ್ಟರು. ಆಟಿಕೆ, ಚಿತ್ರಪುಸ್ತಕ, ಮಾತು, ಇಷ್ಟೇ ಪಾಠ. ಸಲಕ್ಕೆ 25 ನಿಮಿಷದಂತೆ 12 ಸಲ, ಎಲ್ಲ ಸೇರಿ ಐದು ಗಂಟೆ. ಕೂಸುಗಳಿಗೆ 11 ತಿಂಗಳಾದಾಗ ಅವುಗಳ ಮಿದುಳಿನ ಅಲೆಗಳನ್ನು ಅಳೆದು ನೋಡಿದರೆ, ಮೊದಲು ಪರಿಚಯವೇ ಇರದಿದ್ದ ಸ್ಪ್ಯಾನಿಷ್ ಧ್ವನಿಭೇದಕ್ಕೆ ಅವು ಸ್ಪಂದಿಸುತ್ತಿದ್ದವು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಆ ಧ್ವನಿಭೇದ ಯಾವುದೆಂದು ಕನ್ನಡಿಗರಿಗೆ ತಿಳಿಸುವುದು ಸುಲಭ, ಅದು ನಮ್ಮ ವರ್ಣಮಾಲೆಯಲ್ಲೇ ಇದೆ. ಸ್ಪ್ಯಾನಿಷ್‌ನಲ್ಲಿ ‘ದೀಆ’ ಎಂದರೆ ದಿನ, ‘ತೀಆ’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ. ದ ಮತ್ತು ತ ಕಲೆಸಿಹೋದರೆ ಅತ್ತೆಯೇ ದಿನವಾಗಿಬಿಡುತ್ತಾಳೆ. ಇಂಗ್ಲಿಷ್ ಕಿವಿಗಾದರೋ ಪದದ ಮೊದಲಲ್ಲಿ ಮುಖ್ಯವಾಗುವುದು ಮಹಾಪ್ರಾಣದಂಥ ಉಸಿರು. ಉಸಿರಿಲ್ಲದ ‘ತ’ ಅದಕ್ಕೆ ಬಹುಪಾಲು ‘ದ’ದಂತೆಯೇ ಕೇಳುತ್ತದೆ. ತ, ಥ, ದ ಮೂರನ್ನೂ ಬೇರೆ ಬೇರೆ ಅಕ್ಷರಗಳಾಗಿ ತಿದ್ದಿದ ನಮಗೆ ಆ ತೊಡಕು ಊಹಿಸುವುದೇ ಕಷ್ಟ.

ಹುಟ್ಟಿದ ಹೊಸತರಲ್ಲಿ ಯಾವ ಮಗುವಿಗೂ ಈ ತೊಡಕಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಸಲೀಸಾಗಿ ಬೇರ್ಪಡಿಸಿದವು. ಮೊದಲ ಹುಟ್ಟುಹಬ್ಬ ಹತ್ತಿರವಾಗುವ ಹೊತ್ತಿಗೆ ಆ ಶಕ್ತಿ ಬಹುಪಾಲು ಮಸುಕಾಗಿತ್ತು. ಸುತ್ತಲಿನ ಮಾತಿನಲ್ಲಿ ಯಾವ ಭೇದಕ್ಕೆ ಬೆಲೆಯಿದೆಯೋ ಅದರ ಮೇಲೆ ಮಿದುಳು ಗಮನ ನೆಡುತ್ತದೆ, ಉಳಿದದ್ದನ್ನು ಕೈಬಿಡುತ್ತದೆ.

ಹಾಗಾದರೆ ಟಿ.ವಿ.ಯಲ್ಲಿ ಸ್ಪ್ಯಾನಿಷ್ ಕಾರ್ಟೂನ್ ಹಚ್ಚಿಟ್ಟರೆ ಸಾಕಲ್ಲ? ಸಾಲದು. ಕೂಲ್ ತಂಡ 2003ರಲ್ಲಿ ಚೀನಾದ ಮ್ಯಾಂಡರಿನ್ ಭಾಷೆಯೊಂದಿಗೆ ಮಾಡಿದ ಇಂಥದೇ ಪ್ರಯೋಗವನ್ನು ಪ್ರಕಟಿಸಿತ್ತು. ಎದುರಿಗೆ ಕೂತು ಆಡಿಸಿದವರಿಂದ ಕೂಸುಗಳು ಕಲಿತವು. ಅದೇ ಜನ, ಅದೇ ಪುಸ್ತಕ ಪರದೆಯ ಮೇಲೆ ಬಂದಾಗ ಏನೂ ಕಲಿಯಲಿಲ್ಲ. ಬರೀ ಧ್ವನಿ ಕೇಳಿಸಿದಾಗಲೂ ಅಷ್ಟೇ. ಕಾರಣದ ಒಂದು ಎಳೆ ಸ್ಪ್ಯಾನಿಷ್ ಆಟದಲ್ಲೇ ಸಿಕ್ಕಿತು. ಮಾತನಾಡುವವರ ಮುಖ ನೋಡಿ, ಅವರ ಕೈಯ ಆಟಿಕೆ ನೋಡಿ, ಮತ್ತೆ ಮುಖದತ್ತ ತಿರುಗುತ್ತಿದ್ದ ಕೂಸುಗಳ ಮಿದುಳಿನಲ್ಲಿ ಕಲಿಕೆಯ ಗುರುತು ಹೆಚ್ಚು ಸ್ಪಷ್ಟವಾಗಿತ್ತು. ಪರದೆಯ ಮೇಲಿನ ಮುಖ ಕೂಸಿನ ನೋಟಕ್ಕೆ ಮರುನೋಟ ಕೊಡುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ಸ್ಪ್ಯಾನಿಷ್ ಬೀದಿ ಬೀದಿಯಲ್ಲಿ ಕೇಳುವ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 25 ದ್ವಿಭಾಷಿ ಮಕ್ಕಳನ್ನು ಗಮನಿಸಿ 1997ರಲ್ಲಿ ವರದಿ ಮಾಡಿದರು. ಕೇಳುವ ಮಾತಿನಲ್ಲಿ ಒಂದು ಭಾಷೆಯ ಪಾಲು ಶೇ. 20ಕ್ಕಿಂತ ಇಳಿದರೆ, ಮಗು ಆ ಭಾಷೆಯಲ್ಲಿ ಬಾಯಿ ಬಿಡುವುದೇ ಅಪರೂಪವಾಗಿತ್ತು. ದಿನಕ್ಕೆ 12 ತಾಸು ಎಚ್ಚರವಾಗಿರುವ ಮಗುವಿಗೆ ಇದು ಎರಡೂವರೆ ತಾಸಿಗೆ ಹತ್ತಿರದ ಲೆಕ್ಕ. ಇದನ್ನು ಓದಿ ಎದೆಗುಂದುವ ತಂದೆತಾಯಿಯರು ಮ್ಯಾಡ್ರಿಡ್ ಕಡೆಗೂ ನೋಡಬೇಕು. ಅಲ್ಲಿನ ನಾಲ್ಕು ಸರ್ಕಾರಿ ಶಿಶುವಿಹಾರಗಳ 280 ಮಕ್ಕಳ ಮೇಲೆ ನಾಯಾ ಫೆರ್ಯಾನ್ ರಮಿರೆಜ್ ಮತ್ತು ಕೂಲ್ ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗ ಸಿಯಾಟಲ್‌ನದರ ತಿರುವುಮುರುವು: ಸ್ಪ್ಯಾನಿಷ್ ಮಕ್ಕಳಿಗೆ ಇಂಗ್ಲಿಷ್. ದಿನಕ್ಕೆ ಒಂದೇ ತಾಸು, 18 ವಾರ. ಕಲಿಸಿದವರು ಮಾತನ್ನು ಎಳೆದೆಳೆದು ರಾಗವಾಗಿ ಆಡಿದರು, ಮಗು ಉಲಿದದ್ದಕ್ಕೆಲ್ಲ ಓಗೊಟ್ಟರು, ಮಗುವೇ ಮಾತನಾಡಲಿ ಎಂದು ಕಾದರು. ಕೊನೆಗೆ ಆ ಮಕ್ಕಳು ತಾಸಿಗೆ ಸರಾಸರಿ 74 ಇಂಗ್ಲಿಷ್ ಪದ ಅಥವಾ ಪದಗುಚ್ಛ ಆಡಿದರು. ಶಾಲೆಯ ಎಂದಿನ ಇಂಗ್ಲಿಷ್ ಕಲಿಕೆಯಲ್ಲೇ ಉಳಿದ ಮಕ್ಕಳು ಆಡಿದ್ದು 13. ಬಡ ಬಡಾವಣೆಯ ಮಕ್ಕಳೂ ಹಿಂದೆ ಬೀಳಲಿಲ್ಲವೆಂಬುದು ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಸಂತೋಷದ ಸಂಗತಿ.

ಮನೆಯಲ್ಲಿ ಎರಡು ಭಾಷೆ ಕಲಿಸಲು ಹಳೆಯ ದಾರಿಯೊಂದಿದೆ. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೋಂಜಾ, ‘ಒಬ್ಬರಿಗೆ ಒಂದು ಭಾಷೆ’ ಎಂಬ ಸಲಹೆಯಂತೆ ಮಗ ಲೂಯಿಯೊಂದಿಗೆ ಫ್ರೆಂಚ್ ಆಡಿದರು, ಜರ್ಮನ್ ಮಾತೃಭಾಷೆಯ ಹೆಂಡತಿ ಜರ್ಮನ್ ಆಡಿದರು. ಎರಡನ್ನೂ ಮಗು ಕಲಿತ ಬಗೆಯನ್ನು ಅವರು 1913ರಲ್ಲಿ ಪುಸ್ತಕವಾಗಿಸಿದರು. ಆದರೆ ಈ ಸೂತ್ರ ಹಿಡಿದರೆ ಗೆಲುವು ಖಂಡಿತ ಎನ್ನುವಂತಿಲ್ಲ. ಅನಿಕ್ ಡಿ ಹೌವರ್ ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತದ 1,899 ಕುಟುಂಬಗಳ ಮಾಹಿತಿಯನ್ನು 2007ರಲ್ಲಿ ಪ್ರಕಟಿಸಿದಾಗ ಕಂಡದ್ದು ಇದು: ಊರಿನ ಭಾಷೆಯಾದ ಡಚ್ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬಂದಿತ್ತು, ಮನೆಯ ಇನ್ನೊಂದು ಭಾಷೆ ಸುಮಾರು ಕಾಲುಭಾಗ ಕುಟುಂಬಗಳ ಮಕ್ಕಳ ಬಾಯಿಗೆ ಬಂದಿರಲಿಲ್ಲ. ಊರು ಕಲಿಸುವ ಭಾಷೆಯನ್ನು ಊರಿಗೇ ಬಿಟ್ಟು, ಮನೆಯ ಹೊತ್ತನ್ನು ಇನ್ನೊಂದಕ್ಕೆ ಕೊಡುವುದು ಜಾಣತನ.

ಸ್ಪ್ಯಾನಿಷ್ ಬಲ್ಲ ಅಜ್ಜಿಯೋ ಮಗು ನೋಡಿಕೊಳ್ಳುವವರೋ ಇದ್ದರೆ ಪುಣ್ಯ. ಇಲ್ಲದವರು ದಿನದ ಒಂದು ಕೆಲಸಕ್ಕೆ ಆ ಭಾಷೆಯನ್ನು ಗಂಟು ಹಾಕಬಹುದು. ಸ್ನಾನದ ಹೊತ್ತಿಗೆ ‘ಆಗ್ವಾ’ ಎಂದರೆ ನೀರು, ಊಟದ ಹೊತ್ತಿಗೆ ‘ಮಾಸ್?’ ಎಂದರೆ ‘ಇನ್ನೂ ಬೇಕಾ?’, ಹೊರಗೆ ಹೊರಟಾಗ ‘ಸಪಾತೋಸ್’ ಎಂದರೆ ಬೂಟು. ಅದೇ ಮಾತು ಅದೇ ಜಾಗದಲ್ಲಿ ದಿನವೂ ಮರಳಿ ಬರುವುದರಿಂದ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಮಗು ಎರಡು ಭಾಷೆ ಬೆರೆಸಿ ಆಡಿದರೆ ಗಾಬರಿಯೂ ಬೇಡ. ದ್ವಿಭಾಷಿ ಮಗುವಿನ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿ ಎಣಿಸಿದ ಪಿಯರ್ಸನ್ ತಂಡಕ್ಕೆ ಕೊರತೆ ಕಾಣಲಿಲ್ಲ.

ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಕ್ಯಾಲಿಫೋರ್ನಿಯ, ಟೆಕ್ಸಾಸ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಅದು ಪಕ್ಕದ ಮನೆಯ ಭಾಷೆ. ಅಲ್ಲಿ ಮನೆಯೊಳಗೆ ಸ್ಪ್ಯಾನಿಷ್ ತರುವವರು ಕನ್ನಡದ ಹೊತ್ತನ್ನು ಕಡಿಯಬಾರದು, ಕಡಿಯುವುದಾದರೆ ಇಂಗ್ಲಿಷಿನ ಹೊತ್ತು ಧಾರಾಳವಾಗಿದೆ. ಕನ್ನಡ ಬಲ್ಲ ಮಗುವಿಗೆ ಸ್ಪ್ಯಾನಿಷ್‌ನ ಎಷ್ಟೋ ಸಂಗತಿ ಮೊದಲೇ ಗೊತ್ತು. ‘ನೀನು’, ‘ನೀವು’ ಇರುವಂತೆ ಅಲ್ಲಿ ‘ತು’, ‘ಉಸ್ತೆದ್’ ಇವೆ. ‘ಬರ್ತೀನಿ’ ಎನ್ನುವಾಗ ‘ನಾನು’ ಬೇಡವಾದಂತೆ ಅಲ್ಲಿಯೂ ಕ್ರಿಯಾಪದವೊಂದೇ ಸಾಕು. ‘ನನಗೆ ಹಾಲು ಇಷ್ಟ’ ಎನ್ನಲು ಅಲ್ಲಿನ ಮಕ್ಕಳು ‘ಮೆ ಗುಸ್ತಾ ಲಾ ಲೆಚೆ’ ಅನ್ನುತ್ತಾರೆ. ‘ಮೆ’ ಎಂದರೆ ನನಗೆ. ಲೋಟ ಹಿಡಿದ ಮಗು ಈ ಎರಡು ವಾಕ್ಯಗಳ ನಡುವೆ ಇಂಗ್ಲಿಷನ್ನು ಹಾದುಹೋಗಬೇಕಾಗಿಯೇ ಇಲ್ಲ.