ಮಲೆನಾಡಿನ ಮನೆಯಲ್ಲಿ ಕೋರಿಡೋರಸ್ ಮೀನಿನ ಮರಿ ಮಾಡುವ ಕ್ರಮ

ಮಾರ್ಚ್ ತಿಂಗಳು ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರ ಕಣ್ಣು ಆಕಾಶದ ಕಡೆಗೆ. ಒಣ ಹವೆಯಲ್ಲಿ ಮುದುಡಿ ಕುಳಿತ ಕಾಫಿ ಮೊಗ್ಗು ಒಂದಂಗುಲ ಹೂಮಳೆ ಬಿದ್ದೊಡನೆ ಎಚ್ಚೆತ್ತು ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಮುಂಗಾರಿನ ಹೊಸನೀರು ಹಳ್ಳಕ್ಕೆ ಇಳಿದ ರಾತ್ರಿ ಮೀನುಗಳು ಪ್ರವಾಹಕ್ಕೆ ಎದುರಾಗಿ ಗದ್ದೆಗಳತ್ತ ಹತ್ತುವುದನ್ನೂ ನೀವು ಬಲ್ಲಿರಿ. ಮೊಟ್ಟೆಯಿಡಲು ಹೊರಟ ಈ ಮೀನುಗಳನ್ನೇ ನಾವು ಹತ್ತುಮೀನು ಎನ್ನುವುದು.

ದಕ್ಷಿಣ ಅಮೆರಿಕದ ಕೋರಿಡೋರಸ್ ಎಂಬ ಪುಟ್ಟ ಮೀಸೆಮೀನಿನ ಸ್ವಭಾವವೂ ಇಂಥದ್ದೇ. ಗಾಜಿನ ತೊಟ್ಟಿಯಲ್ಲಿ ಎಷ್ಟು ಕಾಲ ಸಾಕಿದರೂ ತಣ್ಣನೆಯ ಹೊಸನೀರು ಬಿದ್ದಾಗ ಅದಕ್ಕೆ ಮಳೆಗಾಲ ಬಂದಂತಾಗಿ ಮೊಟ್ಟೆಯಿಡುತ್ತದೆ. ಬಯಲುಸೀಮೆಯ ಹವ್ಯಾಸಿಗಳು ಮಂಜುಗಡ್ಡೆ ಹಾಕಿ ನೀರು ತಣಿಸಬೇಕಾಗುತ್ತದೆ. ನಮ್ಮಲ್ಲಿ ಸೂರಿನ ಕೆಳಗೆ ಕೊಡ ಇಟ್ಟರೆ ಸಾಕು. ಹಾಗೆಂದು ಮಲೆನಾಡಿನಲ್ಲಿ ಎಲ್ಲವೂ ಅನುಕೂಲವೆಂದಲ್ಲ. ತೋಟದ ಮನೆಯಲ್ಲಿ ಈ ಮೀನಿಗೆ ಒಂದು ದೊಡ್ಡ ಶತ್ರುವಿದೆ. ಅದನ್ನು ಅರಿಯದೆ ಕೈಹಾಕಿದವರು ಒಂದೇ ರಾತ್ರಿಯಲ್ಲಿ ಎಲ್ಲ ಮೀನನ್ನೂ ಕಳೆದುಕೊಳ್ಳಬಹುದು.

ಮೀನಿನ ಪರಿಚಯ

ಕೋರಿಡೋರಸ್ ಎಂಬುದು ಗ್ರೀಕ್ ಮಾತು. ಶಿರಸ್ತ್ರಾಣ ಮತ್ತು ಚರ್ಮ ಎಂಬ ಎರಡು ಪದಗಳಿಂದ ಆದುದು. ಇದರ ಮೈಮೇಲೆ ಹುರುಪೆಯಿಲ್ಲ. ಎರಡೂ ಪಕ್ಕಗಳಲ್ಲಿ ಎರಡೆರಡು ಸಾಲು ಮೂಳೆಯ ಫಲಕಗಳಿವೆ. ಬಾಯಿಯ ಸುತ್ತ ಮೀಸೆಗಳಿದ್ದು, ಅವುಗಳಿಂದ ತಳವನ್ನು ತಡವಿ ಆಹಾರ ಹುಡುಕುತ್ತದೆ. ಬೆಳೆದ ಮೀನು 6ರಿಂದ 7 ಸೆಂ. ಮೀ. ಇರುತ್ತದೆ. ಬಲು ಸಾಧು, ಜೊತೆಯ ಮೀನುಗಳಿಗೆ ತೊಂದರೆ ಕೊಡದು.

ಹೊಸಬರಿಗೆ ಎರಡು ಜಾತಿಗಳು ಯೋಗ್ಯ. ಒಂದು ಕಂಚಿನ ಬಣ್ಣದ ಕೋರಿಡೋರಸ್ ಈನಿಯಸ್. ಅಂಗಡಿಗಳಲ್ಲಿ ಸಿಗುವ ಬಿಳಿಮೈ ಕೆಂಪುಕಣ್ಣಿನ ಮೀನು ಸಾಮಾನ್ಯವಾಗಿ ಇದರದೇ ಒಂದು ಬಗೆ. ಇದಕ್ಕೆ 22ರಿಂದ 26 ಡಿಗ್ರಿ ಸೆಂ. ಉಷ್ಣತೆ ಹಿತ. ಇನ್ನೊಂದು ಕರಿಚುಕ್ಕೆಗಳ ಕೋರಿಡೋರಸ್ ಪೇಲಿಯೇಟಸ್. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾತ್ರೆಯಲ್ಲಿ ಸಂಗ್ರಹಿಸಿ ತಂದ ಮೀನು ಇದು. ಇದಕ್ಕೆ 1842ರಲ್ಲಿ ಶಾಸ್ತ್ರೀಯ ಹೆಸರಾಯಿತು. ತಂಪು ನಾಡಿನದಾದ್ದರಿಂದ 18ರಿಂದ 23 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಎತ್ತರದ ತೋಟಗಳ ಮನೆಗಳಿಗೆ ಇದೇ ಮೇಲು. 2024ರಲ್ಲಿ ವಿಜ್ಞಾನಿಗಳು ಈ ಕುಲವನ್ನು ಮರುವಿಂಗಡಣೆ ಮಾಡಿ ಮೊದಲನೆಯದನ್ನು ಆಸ್ಟಿಯೋಗ್ಯಾಸ್ಟರ್ ಎಂಬ ಕುಲಕ್ಕೂ ಎರಡನೆಯದನ್ನು ಹಾಪ್ಲಿಸೋಮ ಎಂಬ ಕುಲಕ್ಕೂ ಸೇರಿಸಿದ್ದಾರೆ. ಅಂಗಡಿಯಲ್ಲಿ ಮಾತ್ರ ಹಳೆಯ ಹೆಸರಿನಲ್ಲೇ ಕೇಳಿರಿ.

ತೊಟ್ಟಿಯ ಸಿದ್ಧತೆ

60 ಸೆಂ. ಮೀ. ಉದ್ದ, 30 ಸೆಂ. ಮೀ. ಅಗಲ, 30 ಸೆಂ. ಮೀ. ಎತ್ತರದ ಗಾಜಿನ ತೊಟ್ಟಿ ಆರು ಮೀನುಗಳಿಗೆ ಸಾಕು. ಪೂರ್ತಿ ತುಂಬಿದರೆ ಇದು 54 ಲೀಟರು ನೀರು ಹಿಡಿಯುತ್ತದೆ. ತಳಕ್ಕೆ ಚೆನ್ನಾಗಿ ತೊಳೆದ ನಯವಾದ ಹೊಳೆ ಮರಳನ್ನು ತೆಳುವಾಗಿ ಹರಡಿರಿ. ಚೂಪಾದ ಜಲ್ಲಿ ಬೇಡ. ಮೀಸೆ ಸವೆದು ಹುಣ್ಣಾಗುತ್ತದೆ. ಗಾಳಿ ಪಂಪಿಗೆ ಸ್ಪಂಜಿನ ಸೋಸುಕ ಜೋಡಿಸಿರಿ.

ತೊಟ್ಟಿ ತಂದ ದಿನವೇ ಮೀನು ಬಿಡಬಾರದು. ಮೀನಿನ ಕಸದಿಂದ ಹುಟ್ಟುವ ಅಮೋನಿಯ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿ ಸೋಸುಕವನ್ನು ನಡೆಸುತ್ತಿರಿ. ಹಳೆಯ ತೊಟ್ಟಿಯ ಸ್ಪಂಜು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ಕೋರಿಡೋರಸ್ ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿಯುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕರುಳಿನ ಮೂಲಕ ಹೀರಿಕೊಳ್ಳುವ ಶಕ್ತಿ ಇದಕ್ಕಿದೆ. ಆದ್ದರಿಂದ ಮುಚ್ಚಳಕ್ಕೂ ನೀರಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿರಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ದೊಡ್ಡ ಮೀನುಗಳು ಹೀಗೆ ಬದುಕಿಕೊಂಡಾವು, ಮೊಟ್ಟೆ ಬದುಕದು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಮೊದಲೇ ತಂದಿಟ್ಟುಕೊಳ್ಳಿರಿ.

ನೀರು ಮತ್ತು ಮೈಲುತುತ್ತ

ಮಲೆನಾಡಿನ ಬಾವಿ, ಒರತೆಗಳ ನೀರು ಸಾಮಾನ್ಯವಾಗಿ ಮೆದು. ಅಂದರೆ ಸುಣ್ಣದ ಅಂಶ ಕಡಿಮೆ. ಕೋರಿಡೋರಸ್ ಮೊಟ್ಟೆಗೆ ಇಂಥ ನೀರೇ ಬೇಕು. ಆದರೆ ತಾಮ್ರದ ವಿಷ ಮೀನಿಗೆ ಬಲವಾಗಿ ತಾಗುವುದೂ ಇಂಥ ಮೆದು ನೀರಿನಲ್ಲಿಯೇ. ಗಡಸು ನೀರಿನಲ್ಲಿರುವ ಸುಣ್ಣದಂಶ ಮೀನಿನ ಕಿವಿರನ್ನು ತಾಮ್ರದಿಂದ ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ನಮ್ಮ ನೀರಿನಲ್ಲಿ ಆ ರಕ್ಷಣೆಯಿಲ್ಲ.

ತೋಟದ ಮನೆಯಲ್ಲಿ ತಾಮ್ರ ಎಲ್ಲಿಂದ ಬಂತು ಎನ್ನುವಿರಾ? ಮುಂಗಾರಿಗೆ ಮೊದಲು ಕಾಫಿಗೆ, ಬಳಿಕ ಅಡಿಕೆಗೆ ನೀವು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ ಪ್ರತಿ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತವಿದೆ. ಮೀನು ಮೊಟ್ಟೆಯಿಡುವ ಕಾಲವೂ ಸಿಂಪರಣೆಯ ಕಾಲವೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಆದುದರಿಂದ ಈ ಎಚ್ಚರಿಕೆಗಳನ್ನು ಮನೆಯವರಿಗೆಲ್ಲ ತಿಳಿಸಿರಿ.

1. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಪೈಪುಗಳನ್ನು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ತರಬೇಡಿರಿ. ಮೀನಿಗೆಂದೇ ಎರಡು ಪ್ಲಾಸ್ಟಿಕ್ ಬಕೆಟ್ಟು ಬೇರೆ ಇಡಿರಿ.

2. ಚಳಿಯೆಂದು ಬಚ್ಚಲ ಹಂಡೆಯ ಬಿಸಿನೀರನ್ನು ತೊಟ್ಟಿಗೆ ಸುರಿಯಬೇಡಿರಿ. ಹಂಡೆ ತಾಮ್ರದ್ದು, ಹಿತ್ತಾಳೆಯದಾದರೂ ಅದರಲ್ಲಿ ತಾಮ್ರವಿದೆ. ನೀರು ಕಾಯಿಸಲೇಬೇಕಿದ್ದರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿರಿ.

3. ಮನೆಯ ಸುತ್ತ ಸಿಂಪರಣೆ ನಡೆದ ಮೇಲೆ ಕೆಲವು ಜೋರು ಮಳೆಗಳು ಮಾಡನ್ನು ತೊಳೆದು ಹೋಗಲಿ. ಅನಂತರವೇ ಸೂರಿನ ನೀರು ಹಿಡಿಯಿರಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೀನಿಗೆ ಇನ್ನೂ ಘೋರ ವಿಷ. ಅದನ್ನು ಬಳಸಿದ ತಾಣದ ಹಳ್ಳದ ನೀರು ಬೇಡವೇ ಬೇಡ.

4. ಸಿಂಪರಣೆ ಮಾಡಿ ಬಂದವರು ಸ್ನಾನ ಮಾಡದೆ ತೊಟ್ಟಿಗೆ ಕೈ ಹಾಕಬಾರದು.

5. ಮೀನಿನ ರೋಗಕ್ಕೆಂದು ಮಾರುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುತ್ತದೆ. ಶೀಶೆಯ ಮೇಲಿನ ಬರಹ ಓದಿ ಕೊಳ್ಳಿರಿ.

ಬರಿಯ ಮಳೆನೀರನ್ನೇ ತುಂಬುವುದೂ ತಪ್ಪು. ಅದರಲ್ಲಿ ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಬಾವಿ ನೀರು, ಅರ್ಧ ಮಳೆನೀರು ಬೆರೆಸುವುದು ಕ್ಷೇಮ.

ಗಂಡು ಹೆಣ್ಣಿನ ಆಯ್ಕೆ

ಮೇಲಿನಿಂದ ನೋಡಿದರೆ ಭೇದ ತಿಳಿಯುತ್ತದೆ. ಹೆಣ್ಣು ದೊಡ್ಡದು, ಹೊಟ್ಟೆಯ ಭಾಗ ಅಗಲ. ಗಂಡು ಸಣಕಲು. ಎರಡು ಹೆಣ್ಣಿಗೆ ನಾಲ್ಕು ಗಂಡಿನಂತೆ ಆರನ್ನು ಒಟ್ಟಿಗೆ ಸಾಕಿರಿ. ಒಂಟಿಯಾಗಿಟ್ಟರೆ ಈ ಮೀನು ಮಂಕಾಗುತ್ತದೆ. ಹಿಡಿಯುವಾಗ ಬಲೆ ಬೇಡ. ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಕೈಗೆ ಚುಚ್ಚಿದರೆ ಉರಿಯುತ್ತದೆ. ಲೋಟದಲ್ಲಿ ಮೊಗೆಯಿರಿ.

ಮೊಟ್ಟೆಗೆ ಮೊದಲು ಎರಡು ಮೂರು ವಾರ ಒಳ್ಳೆಯ ಆಹಾರ ಕೊಡಿರಿ. ಮುಳುಗುವ ಗುಳಿಗೆಯ ಜೊತೆಗೆ ಎರೆಹುಳುವನ್ನು ತೊಳೆದು ಸಣ್ಣಗೆ ಹೆಚ್ಚಿ ಹಾಕಿದರೆ ಹೆಣ್ಣಿನ ಹೊಟ್ಟೆ ಬೇಗ ತುಂಬಿಕೊಳ್ಳುತ್ತದೆ. ಹುಳುಗಳನ್ನು ಎರೆಗೊಬ್ಬರದ ಗುಂಡಿಯಿಂದ ತೆಗೆಯಿರಿ, ಔಷಧ ಬಿದ್ದ ಕಾಫಿ ಬುಡದಿಂದಲ್ಲ. ಮಿಕ್ಕ ಆಹಾರ ಕೊಳೆಯಲು ಬಿಡಬೇಡಿರಿ.

ಮಳೆಯ ಉಪಾಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಯಾವುದಾದರೂ ಮಳೆಯ ಸಂಜೆ ತೊಟ್ಟಿಯ ಮೂರನೆಯ ಒಂದು ಭಾಗ ನೀರನ್ನು, ಅಂದರೆ ಸುಮಾರು 18 ಲೀಟರನ್ನು ಹೊರತೆಗೆದು, ಅಷ್ಟೇ ಪ್ರಮಾಣದ ತಣ್ಣೀರು ಸೇರಿಸಿರಿ. ಹಾಕುವ ನೀರು ತೊಟ್ಟಿಯ ನೀರಿಗಿಂತ 3ರಿಂದ 4 ಡಿಗ್ರಿ ಮಾತ್ರ ತಣ್ಣಗಿರಲಿ. ಉಷ್ಣಮಾಪಕದಿಂದ ಅಳೆಯಿರಿ, ಕೈ ಅಂದಾಜು ಸಾಲದು. ತೆಳುವಾದ ಧಾರೆಯಲ್ಲಿ ನಿಧಾನವಾಗಿ ಸುರಿಯಿರಿ. ಮೊಟ್ಟೆ ಬಾರದಿದ್ದರೆ ಮಾರನೆಯ ಸಂಜೆಯೂ, ಅದರ ಮಾರನೆಯ ಸಂಜೆಯೂ ಹೀಗೆ ಮಾಡಿರಿ. ಆಗಲೂ ಫಲಿಸದಿದ್ದರೆ ಹತ್ತು ದಿನ ಬಿಟ್ಟು, ಚೆನ್ನಾಗಿ ತಿನ್ನಿಸಿ, ಮತ್ತೆ ಪ್ರಯತ್ನಿಸಿರಿ.

ಹೆಚ್ಚಿನ ಸಲ ಮರುದಿನ ಬೆಳಿಗ್ಗೆ ಗಂಡುಗಳು ಹೆಣ್ಣಿನ ಬೆನ್ನು ಹತ್ತುತ್ತವೆ. ಹೆಣ್ಣು ಒಂದು ಗಂಡಿನ ಪಕ್ಕಕ್ಕೆ ಮೂತಿಯಿಟ್ಟು ನಿಂತು, ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ, ಅದರಲ್ಲಿ ಕೆಲವೇ ಮೊಟ್ಟೆಗಳನ್ನು ಹಿಡಿದುಕೊಳ್ಳುತ್ತದೆ. ಈನಿಯಸ್ ಜಾತಿಯ ಹೆಣ್ಣು ಗಂಡಿನ ವೀರ್ಯವನ್ನು ಕುಡಿದು, ಅದು ಕರುಳಿನ ಮೂಲಕ ಬೇಗನೆ ಹೊರಬಂದು ಬೊಗಸೆಯ ಮೊಟ್ಟೆಗಳನ್ನು ಸೇರುವಂತೆ ಮಾಡುತ್ತದೆಂದು 1995ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು. ಬಳಿಕ ಹೆಣ್ಣು ಗಾಜನ್ನು ಬಾಯಿಂದ ಒರೆಸಿ ಮೊಟ್ಟೆಗಳನ್ನು ಅಂಟಿಸುತ್ತದೆ. ಹೀಗೆ ಕೆಲವು ಗಂಟೆಗಳ ಕಾಲ ನಡೆದು, ಬಲಿತ ಹೆಣ್ಣು ನೂರಕ್ಕೂ ಮಿಕ್ಕಿ ಮೊಟ್ಟೆ ಇಟ್ಟೀತು.

ಮೊಟ್ಟೆಯ ರಕ್ಷಣೆ

ತಾಯಿತಂದೆಗಳಿಗೆ ಮೊಟ್ಟೆಯ ಮೇಲೆ ಮಮತೆಯಿಲ್ಲ, ಹಸಿವಾದರೆ ತಿಂದುಬಿಡುತ್ತವೆ. ಇಟ್ಟು ಒಂದೆರಡು ಗಂಟೆ ಕಳೆದರೆ ಮೊಟ್ಟೆಯ ಮೈ ಗಟ್ಟಿಯಾಗುತ್ತದೆ. ಆಗ ಬೆರಳ ತುದಿಯಿಂದ ಮೆಲ್ಲನೆ ಉರುಳಿಸಿ ಬಿಡಿಸಿರಿ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದೇ ತೊಟ್ಟಿಯ ನೀರನ್ನು ಒಂದು ಗೇಣಿಗಿಂತ ಕಡಿಮೆ ತುಂಬಿ, ಅದರಲ್ಲಿ ಮೊಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಹರಡಿರಿ. ಗಾಳಿ ಗುಳ್ಳೆ ಮೆಲ್ಲಗೆ ಬರುತ್ತಿರಲಿ. ಬೂಷ್ಟು ತಡೆಯಲು ಮೆಥಿಲೀನ್ ಬ್ಲೂ ದ್ರಾವಣವನ್ನು ನೀರು ತಿಳಿನೀಲಿಯಾಗುವಷ್ಟು ಮಾತ್ರ ಹನಿಸಿರಿ. ಬೆಳ್ಳಗಾದ ಮೊಟ್ಟೆ ಕೆಟ್ಟದ್ದು. ದಿನಕ್ಕೆರಡು ಸಲ ನೋಡಿ ತೆಗೆದುಹಾಕಿರಿ. ಒಳ್ಳೆಯ ಮೊಟ್ಟೆ ದಿನದಿಂದ ದಿನಕ್ಕೆ ಕಪ್ಪಾಗುತ್ತದೆ.

25 ಡಿಗ್ರಿಯ ಸುಮಾರಿಗೆ ಮೂರರಿಂದ ಐದು ದಿನಗಳಲ್ಲಿ ಮರಿ ಹೊರಬರುತ್ತದೆ. ನೀರು ತಣ್ಣಗಿದ್ದರೆ ಇನ್ನೂ ಒಂದೆರಡು ದಿನ ತಡವಾದೀತು. ಅವಸರಪಟ್ಟು ಮೊಟ್ಟೆ ಎಸೆಯಬೇಡಿರಿ.

ಮರಿಗಳ ಪೋಷಣೆ

ಮೊದಲ ಎರಡು ಮೂರು ದಿನ ಮರಿಗಳು ಹೊಟ್ಟೆಯ ಭಂಡಾರದ ಚೀಲದಿಂದಲೇ ಬದುಕುತ್ತವೆ, ಏನೂ ಹಾಕಬೇಡಿರಿ. ಅನಂತರ ಆಗ ತಾನೇ ಒಡೆದ ಆರ್ಟೀಮಿಯ ಮರಿಗಳು ಉತ್ತಮ ಆಹಾರ. ಲೀಟರು ನೀರಿಗೆ 25ರಿಂದ 30 ಗ್ರಾಂ ಅಯೋಡೀನ್ ಸೇರದ ಉಪ್ಪು ಕರಗಿಸಿ, ಅಂಗಡಿಯಿಂದ ತಂದ ಆರ್ಟೀಮಿಯ ಮೊಟ್ಟೆ ಹಾಕಿ, ಗಾಳಿ ಕೊಟ್ಟರೆ 28 ಡಿಗ್ರಿಯಲ್ಲಿ ಒಂದು ದಿನದಲ್ಲಿ ಒಡೆಯುತ್ತದೆ. ನಮ್ಮ ಮಳೆಗಾಲದ ಚಳಿಗೆ ತಡವಾಗುವುದರಿಂದ ಶೀಶೆಯನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿರಿ. ಮೀನಿಗೆ ಕೊಡುವ ಮುನ್ನ ತೆಳುಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆಯಿರಿ.

ಮರಿಗಳು ಸಾಯುವುದು ಹಸಿವೆಗಿಂತ ಹೆಚ್ಚಾಗಿ ಕೊಳೆಯಿಂದ. ಅವು ತಳದಲ್ಲೇ ಇರುವುದರಿಂದ ಅಲ್ಲಿ ಕೊಳೆತದ್ದೆಲ್ಲ ಅವುಗಳ ಮೈಗೆ ತಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವೇ ತಿನ್ನಿಸಿ, ರಾತ್ರಿ ಸಣ್ಣ ನಳಿಕೆಯಿಂದ ಕಸ ಹೀರಿ, ಅಷ್ಟೇ ಉಷ್ಣತೆಯ ಹೊಸನೀರು ಸೇರಿಸಿರಿ. ಮರಿಗಳಿಗೆ ಮಳೆಯ ತಣ್ಣೀರಿನ ಉಪಾಯ ಸಲ್ಲದು. ಎರಡೂವರೆ ಮೂರು ತಿಂಗಳಲ್ಲಿ ಅವು ಒಂದಂಗುಲದ ಹತ್ತಿರ ಬೆಳೆದು ಕೈಬದಲಿಸಲು ಯೋಗ್ಯವಾಗುತ್ತವೆ.

ಲಾಭದ ಮಾತು

ಒಂದು ತೊಟ್ಟಿಯ ಮೀನಿನಿಂದ ತೋಟದ ಸಾಲ ತೀರದು. ಮೊದಲ ವರ್ಷ ಕಲಿಕೆಯ ವರ್ಷವೆಂದೇ ತಿಳಿಯಿರಿ. ನೂರು ಮರಿ ಉಳಿಸುವುದು ಕೈಗೆ ಹತ್ತಿದ ಮೇಲೆ, ಚಿಕ್ಕಮಗಳೂರು, ಹಾಸನ, ಮಂಗಳೂರು, ಬೆಂಗಳೂರಿನ ಅಂಗಡಿಗಳಲ್ಲಿ ಯಾವ ಜಾತಿಗೆ ಬೇಡಿಕೆಯಿದೆಯೆಂದು ವಿಚಾರಿಸಿ ತೊಟ್ಟಿಗಳನ್ನು ಹೆಚ್ಚಿಸಿರಿ. ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಬಂಡವಾಳ ಹೂಡಬೇಡಿರಿ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಗಳನ್ನೂ ಸೇರಿಸಲಾಯಿತು. ನಿಮಗೆ ಯಾವ ನೆರವು ಲಭ್ಯವೆಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿರಿ. ತಾಂತ್ರಿಕ ಸಲಹೆಗೆ 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯವಿದೆ.

ಹಳ್ಳಕ್ಕೆ ಬಿಡಬೇಡಿರಿ

ಮರಿ ಹೆಚ್ಚಾಯಿತೆಂದೋ, ಸಾಕಿ ಬೇಸರವಾಯಿತೆಂದೋ ಈ ಮೀನನ್ನು ತೋಟದ ಕೆರೆಗೆ, ಹಳ್ಳಕ್ಕೆ ಬಿಡಲೇಬಾರದು. ಭದ್ರಾ ಹುಟ್ಟುವ ಗಂಗಾಮೂಲ ನಮ್ಮ ಬೆಟ್ಟಗಳಲ್ಲಿದೆ. ಅದರ ನೀರು ತುಂಗಭದ್ರೆಯಾಗಿ ಕೃಷ್ಣೆ ಸೇರುತ್ತದೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಹೋಗುತ್ತದೆ. ನೇತ್ರಾವತಿ ಘಟ್ಟ ಇಳಿದು ಪಡುವಣ ಕಡಲಿಗೆ ಹೋಗುತ್ತದೆ. ಇಲ್ಲಿ ಬಿಟ್ಟ ಒಂದು ಪರದೇಶಿ ಮೀನು ಮೂರು ದಾರಿಗಳಲ್ಲಿ ಯಾವುದನ್ನಾದರೂ ಹಿಡಿದೀತು. ಗಾಜಿನ ತೊಟ್ಟಿ ತೊಳೆಯಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ಭಾರತದ ಅನೇಕ ಕೆರೆ ನದಿಗಳಲ್ಲಿ ಬೀಡುಬಿಟ್ಟು ಮೀನುಗಾರರಿಗೆ ಪೀಡೆಯಾಗಿದೆ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನು ಜಾತಿಗಳಿವೆ. ಒಮ್ಮೆ ಹೋದರೆ ಅವನ್ನು ಮತ್ತೆ ತರಲಾಗದು. ಹೆಚ್ಚಾದ ಮರಿಗಳನ್ನು ನೆರೆಯವರಿಗೋ, ಊರ ಶಾಲೆಯ ತೊಟ್ಟಿಗೋ ಕೊಡಿರಿ. ತೊಟ್ಟಿ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲದೆ ಬಾಳೆಯ ಬುಡಕ್ಕೆ ಹಾಕಿರಿ. ಅದರಲ್ಲಿ ಒಳ್ಳೆಯ ಗೊಬ್ಬರವೂ ಇದೆ.

ತೊಟ್ಟಿಯ ಮೀನಿಗೆ ತಾಮ್ರ ತಾಗದಂತೆ ನೋಡಿಕೊಳ್ಳುವ ನೀವು ಹಳ್ಳದ ಮೀನನ್ನೂ ನೆನೆಯಿರಿ. ಸಿಂಪರಣೆಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆದರೆ, ಪಲ್ಪರಿನ ಕೊಳೆನೀರನ್ನು ಹೊಂಡದಲ್ಲಿ ತಡೆಯದೆ ಬಿಟ್ಟರೆ ಅಲ್ಲಿ ಆಗುವುದೂ ಇದೇ. ಈ ಮುಂಗಾರಿಗೆ ತೊಟ್ಟಿ ಇಡಬೇಕೆಂದಿದ್ದರೆ ಏಪ್ರಿಲ್‌ನಲ್ಲೇ ನೀರು ತುಂಬಿಸಿ ಸೋಸುಕ ನಡೆಸಲು ಆರಂಭಿಸಿರಿ. ಮಳೆ ಹಿಡಿಯುವ ಹೊತ್ತಿಗೆ ತೊಟ್ಟಿಯೂ ಮೀನೂ ಸಿದ್ಧವಾಗಿರುತ್ತವೆ.