ಕಾಡುದಾರಿಯಲ್ಲಿ ಸೋಲಾರ್ ಚಾರ್ಜರ್

ಪ್ರಶ್ನೆ: ಕುಮಾರ ಪರ್ವತದ ಚಾರಣಕ್ಕೆ ಸೋಲಾರ್ ಚಾರ್ಜರ್ ಒಯ್ದರೆ ಪ್ರಯೋಜನವಿದೆಯೇ?

ಉತ್ತರ: ಬಯಲಲ್ಲಿ ಇದೆ, ಕಾಡೊಳಗೆ ಇಲ್ಲ.

ಕಡಬ ತಾಲೂಕಿನ ಸುಬ್ರಹ್ಮಣ್ಯದಿಂದ ಹೊರಟವರು ಗಿರಿಗದ್ದೆಯವರೆಗೆ ಹೆಚ್ಚಾಗಿ ನಡೆಯುವುದು ದಟ್ಟ ಮರಗಳ ನೆರಳಲ್ಲಿ. ಬೆನ್ನಚೀಲಕ್ಕೆ ಕಟ್ಟಿದ ಫಲಕ ಅಲ್ಲಿ ಬರೀ ಹೊರೆ. ಮುಂದೆ 1,712 ಮೀಟರ್ ಎತ್ತರದ ಶಿಖರದ ಕಡೆಗೆ ಹುಲ್ಲುಗಾವಲು ತೆರೆದುಕೊಂಡಾಗಲೇ ಅದಕ್ಕೆ ಜೀವ ಬರುವುದು. ಫಲಕದ ಕೋಶಗಳು ಸಾಮಾನ್ಯವಾಗಿ ಸರಪಳಿಯಂತೆ ಒಂದಕ್ಕೊಂದು ಜೋಡಿಸಿದವು. ಹಾಗಾಗಿ ಪುತ್ತೂರು, ಸುಳ್ಯದ ತೋಟಗಳಲ್ಲಿ ಅಡಿಕೆ ಸೋಗೆಯೊಂದರ ನೆರಳು ಒಂದೇ ಕೋಶವನ್ನು ಮುಚ್ಚಿದರೂ ಒಟ್ಟು ವಿದ್ಯುತ್ ಥಟ್ಟನೆ ಕುಸಿಯುತ್ತದೆ.

10 ವಾಟಿನ ಫಲಕ ಒಳ್ಳೆಯ ಬಿಸಿಲಲ್ಲೂ 6–7 ವಾಟ್ ಕೊಟ್ಟರೆ ಹೆಚ್ಚು. 5,000 ಎಂಎಎಚ್ ಮೊಬೈಲ್ ತುಂಬಲು ಸುಮಾರು 19 ವಾಟ್‌ಗಂಟೆ ಬೇಕು. ನಷ್ಟವೂ ಸೇರಿದರೆ ನಾಲ್ಕು ಗಂಟೆ ಹಿಡಿದೀತು. ಲ್ಯಾಪ್‌ಟಾಪಿನ ಮಾತೇ ಬೇಡ.

ಬಿಸಿಲಿಗೆ ಇಡಬೇಕಾದದ್ದು ಫಲಕ ಮಾತ್ರ, ಮೊಬೈಲ್ ಅಲ್ಲ. ಲಿಥಿಯಂ ಬ್ಯಾಟರಿ 45 ಡಿಗ್ರಿ ಮೀರಿ ಕಾದಾಗ ಚಾರ್ಜ್ ಮಾಡಿದರೆ ಅದರ ಆಯುಸ್ಸು ತಗ್ಗುತ್ತದೆ. ಎರಡು ದಿನದ ಚಾರಣಕ್ಕೆ ಮನೆಯಲ್ಲೇ ತುಂಬಿಸಿಕೊಂಡ 10,000 ಎಂಎಎಚ್ ಪವರ್ ಬ್ಯಾಂಕ್ ಧಾರಾಳವಾಗಿ ಸಾಕು. ಫಲಕ ಬೇಕಾಗುವುದು ವಾರಗಟ್ಟಲೆ ಕರೆಂಟ್ ಸಿಗದ ಕಡೆ ಬೀಡುಬಿಡುವವರಿಗೆ, ಅದೂ ಮಳೆಗಾಲ ಕಳೆದ ಮೇಲೆ.