ನರರೋಗಿಗಳ ಚಲನೆ ಮತ್ತು ಧರಿಸುವ ಸಂವೇದಕಗಳು: ಗ್ರಾಮೀಣ ನೆಲೆಯಿಂದ ಒಂದು ವಿವೇಚನೆ

ಮಿದುಳು ಮತ್ತು ನರಮಂಡಲದ ಅನೇಕ ರೋಗಗಳು ಚಲನೆಯ ವ್ಯತ್ಯಯದಲ್ಲಿ ಗೋಚರವಾಗುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಪಾರ್ಶ್ವವಾಯುವಿನ ಬಳಿಕ ಒಂದು ಪಕ್ಕದ ಕೈಕಾಲು ಬಲಗುಂದುತ್ತವೆ. ಅಪಸ್ಮಾರದ ಸೆಳವಿನಲ್ಲಿ ದೇಹ ಸೆಟೆದು ಅದುರುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ತನ್ನ ಪ್ರಬಂಧದಲ್ಲಿ ವರ್ಣಿಸಿದ ಆರು ಮಂದಿ ರೋಗಿಗಳಲ್ಲಿ ಕೆಲವರನ್ನು ಆತ ಬೀದಿಯಲ್ಲಷ್ಟೇ ಕಂಡಿದ್ದನು. ಮುಂದೆ ಈ ವೀಕ್ಷಣೆಯು ಆಸ್ಪತ್ರೆಯ ಕೊಠಡಿಯನ್ನು ಸೇರಿತು. 2008ರಲ್ಲಿ ಪರಿಷ್ಕೃತವಾದ ಪಾರ್ಕಿನ್ಸನ್ ಮಾನಕದಲ್ಲಿಯೂ ವೈದ್ಯರು ಒಂದೊಂದು ಲಕ್ಷಣವನ್ನು ಪರೀಕ್ಷಿಸಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ನೀಡುತ್ತಾರೆ.

ಈ ಪದ್ಧತಿಗೆ ಒಂದು ಮುಖ್ಯ ಕೊರತೆಯಿದೆ. ರೋಗ ಮುಂದುವರಿದಂತೆ ಲೆವೊಡೋಪಾ ಸೇವಿಸುವವರ ಸ್ಥಿತಿಯು ಒಂದೇ ದಿನದಲ್ಲಿ ಹಲವು ಸಲ ಬದಲಾಗುತ್ತದೆ. ಗುಳಿಗೆಯ ಪ್ರಭಾವವಿದ್ದಾಗ ಸರಾಗವಾಗಿ ನಡೆದವರು, ಅದು ಇಳಿದಾಗ ಹೊಸ್ತಿಲ ಬಳಿ ಕಾಲು ಕೀಳಲಾರದೆ ನಿಲ್ಲಬಹುದು. ಕೆಲವು ನಿಮಿಷಗಳ ತಪಾಸಣೆಯಲ್ಲಿ ಈ ಏರಿಳಿತ ಕಾಣಿಸದು. ಧರಿಸುವ ಸಂವೇದಕಗಳ ಪ್ರಸ್ತುತತೆ ಇರುವುದು ಇಲ್ಲಿಯೇ.

ಮಾಪನದ ವಿಧಾನ

ಮಣಿಕಟ್ಟು, ಸೊಂಟ ಅಥವಾ ಕಣಕಾಲಿಗೆ ಕಟ್ಟುವ ಈ ಸಾಧನದಲ್ಲಿ ಸಾಮಾನ್ಯವಾಗಿ ಎರಡು ಘಟಕಗಳಿರುತ್ತವೆ. ವೇಗೋತ್ಕರ್ಷಮಾಪಕದೊಳಗಿನ ಅತಿಸೂಕ್ಷ್ಮ ಸಿಲಿಕಾನ್ ತುಣುಕು ದೇಹ ಚಲಿಸಿದಾಗ ತುಸು ಸರಿಯುತ್ತದೆ. ಆ ಸರಿತದಿಂದ ವಿದ್ಯುತ್ ಧಾರಣೆಯಲ್ಲಾಗುವ ವ್ಯತ್ಯಾಸವು ಅಂಕಿಯಾಗಿ ದಾಖಲಾಗುತ್ತದೆ. ಗೈರೊಸ್ಕೋಪ್ ತಿರುಗುವಿಕೆಯ ವೇಗವನ್ನು ಅಳೆಯುತ್ತದೆ. ಹೀಗೆ ಸಂಗ್ರಹವಾದ ಅಲೆಗಳನ್ನು ಗಣಕವು ಆವರ್ತನಗಳಾಗಿ ವಿಂಗಡಿಸುತ್ತದೆ. ಪಾರ್ಕಿನ್ಸನ್ ರೋಗದ ವಿಶ್ರಾಂತಿಕಂಪವು ಸೆಕೆಂಡಿಗೆ 4ರಿಂದ 6 ಆವರ್ತಗಳಷ್ಟಿರುತ್ತದೆ. ನಡಿಗೆಯ ಶಕ್ತಿ ಬಹುಪಾಲು 0.5ರಿಂದ 3 ಹರ್ಟ್ಸ್‌ನ ಒಳಗಿದ್ದರೆ, ಕಾಲು ನೆಲಕ್ಕೆ ಅಂಟಿದಂತಾಗುವ ಸ್ತಂಭನದ ವೇಳೆ ಕಾಲಿನ ಅದಿರು 3ರಿಂದ 8 ಹರ್ಟ್ಸ್‌ಗೆ ಏರುತ್ತದೆ. ಇವೆರಡರ ಅನುಪಾತದಿಂದ ಸ್ತಂಭನವನ್ನು ಗುರುತಿಸುವ ಕ್ರಮವಿದೆ.

ಮನೆಯಲ್ಲಿನ ಮಾಪನಕ್ಕೆ ಈಗ ಅಧಿಕೃತ ಮನ್ನಣೆಯೂ ದೊರೆತಿದೆ. ಡುಷೆನ್ ಸ್ನಾಯುಕ್ಷಯದ ಮಕ್ಕಳು ದಿನನಿತ್ಯ ನಡೆಯುವಾಗಿನ ಗರಿಷ್ಠಮಟ್ಟದ ಹೆಜ್ಜೆವೇಗವನ್ನು ಔಷಧ ಪ್ರಯೋಗಗಳ ಪೂರಕ ಅಳತೆಯಾಗಿ ಐರೋಪ್ಯ ಔಷಧ ಸಂಸ್ಥೆಯು 2019ರಲ್ಲಿ ಒಪ್ಪಿ, 2023ರಲ್ಲಿ ಪ್ರಧಾನ ಅಳತೆಯ ಸ್ಥಾನವನ್ನು ನೀಡಿತು.

ಪೆರಾಬೆಯ ನೆಲೆ

ಮೊದಲು ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಪೆರಾಬೆಯಂತಹ ಗ್ರಾಮವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ನರರೋಗ ತಜ್ಞರನ್ನು ಕಾಣಲು ಇಲ್ಲಿನವರು ಮಂಗಳೂರಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗಾದರೆ ಘಟ್ಟ ಹತ್ತಬೇಕು. ಅಷ್ಟು ದೂರ ಪಯಣಿಸಿ ಬಳಲಿದ ರೋಗಿಯ ನಡಿಗೆಯು ಮನೆಯ ನಡಿಗೆಯ ಪ್ರತಿನಿಧಿಯಾಗಲಾರದು. ವಾರವಿಡೀ ಅಂಗಳ, ತೋಟಗಳಲ್ಲಿ ದಾಖಲಾದ ಚಲನೆ ವೈದ್ಯರ ಮುಂದಿದ್ದರೆ ಗುಳಿಗೆಯ ಹೊತ್ತು ಮತ್ತು ಪ್ರಮಾಣಗಳ ನಿರ್ಧಾರ ಸುಲಭವಾಗುತ್ತದೆ.

ಈ ಸೀಮೆಗೆ ಇನ್ನೊಂದು ನೋವಿನ ಹಿನ್ನೆಲೆಯಿದೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಆಕಾಶಮಾರ್ಗದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶಾದ್ಯಂತ ತಡೆಹಿಡಿಯಿತು. ಬಾಧಿತರೆಂದು ಗುರುತಿಸಲ್ಪಟ್ಟವರಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ ಹಾಗೂ ಅಂಗಗಳ ಸೆಡೆತವುಳ್ಳವರಿದ್ದಾರೆ. ಅವರಿಗಾಗಿ ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಸ್ಥಾಪನೆಗೊಂಡವು. ಮಾತು ಬಾರದ ಮಗುವಿಗೆ ರಾತ್ರಿ ಸೆಳವು ಬಂದರೆ ತಾಯಿ ಎಚ್ಚರವಾಗಿದ್ದರೆ ಮಾತ್ರ ತಿಳಿಯುತ್ತದೆ. ದೇಹದ ಅದಿರು ಮತ್ತು ಚರ್ಮದ ವಿದ್ಯುತ್ ಬದಲಾವಣೆಗಳಿಂದ ದೊಡ್ಡ ಸೆಳವನ್ನು ಗುರುತಿಸಿ ಎಚ್ಚರಿಸುವ ಕೈಪಟ್ಟಿಯೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಅನುಮತಿ ನೀಡಿದೆ. ಸೆಳವುಗಳ ನೈಜ ಸಂಖ್ಯೆ ತಿಳಿದರೆ ಚಿಕಿತ್ಸೆಯೂ ಆರೈಕೆಯೂ ಉತ್ತಮಗೊಳ್ಳುವುದರಲ್ಲಿ ಸಂದೇಹವಿಲ್ಲ.

ಮಿತಿಗಳು

ಆದರೆ ಸಾಧನವನ್ನು ತಂದು ಕಟ್ಟಿದ ಮಾತ್ರಕ್ಕೆ ಅಳತೆ ನಿಜವಾಗದು. ಇಂತಹ ಗಣನಸೂತ್ರಗಳು ಬಹುಮಟ್ಟಿಗೆ ಸಮತಟ್ಟಾದ ನೆಲದ ಮೇಲಿನ ನಡಿಗೆಯಿಂದ ರೂಪುಗೊಂಡವು. ಮುರಕಲ್ಲಿನ ಮೆಟ್ಟಿಲು, ಪಾಚಿ ಕಟ್ಟಿದ ಅಂಗಳ, ತೋಡಿಗೆ ಹಾಕಿದ ಅಡಿಕೆಮರದ ಸಂಕ, ಇವುಗಳ ಮೇಲೆ ಆರೋಗ್ಯವಂತನೂ ಮಳೆಗಾಲದಲ್ಲಿ ಬರಿಗಾಲಿನಲ್ಲಿ ಕಿರುಹೆಜ್ಜೆಯಿಡುತ್ತಾನೆ, ತಡೆದು ನಿಲ್ಲುತ್ತಾನೆ. ಯಂತ್ರವು ಆ ಎಚ್ಚರವನ್ನೇ ರೋಗವೆಂದು ಎಣಿಸಬಹುದು. ಅಡಿಕೆ ಸುಲಿಯುವ, ರಬ್ಬರ್ ಮರ ಗೀರುವ ಕೈಯ ಲಯಬದ್ಧ ಚಲನೆಯೂ ಮಣಿಕಟ್ಟಿನ ಸಂವೇದಕಕ್ಕೆ ಅಸಹಜವಾಗಿ ತೋರಬಹುದು. ಆದುದರಿಂದ ಒಬ್ಬನ ಇಂದಿನ ಚಲನೆಯನ್ನು ಅವನದೇ ಹಿಂದಿನ ದಾಖಲೆಯೊಡನೆ ಹೋಲಿಸುವುದು, ಯಾವ ಹೊತ್ತಿಗೆ ಯಾವ ಕೆಲಸ ನಡೆಯಿತು, ಗುಳಿಗೆ ಯಾವಾಗ ಸೇವಿಸಲಾಯಿತು ಎಂಬುದನ್ನು ಮನೆಯವರು ಬರೆದಿಡುವುದು, ಸೂತ್ರಗಳನ್ನು ಇಲ್ಲಿನ ನೆಲದಲ್ಲಿಯೇ ಪರೀಕ್ಷಿಸುವುದು ಅವಶ್ಯಕ.

ಸಂವೇದಕವು ಚಲನೆಯನ್ನು ಅಳೆಯುತ್ತದೆಯೇ ಹೊರತು ಕಾರಣವನ್ನಲ್ಲ ಎಂಬುದೂ ಗಮನಾರ್ಹ. ಎಂಡೋಸಲ್ಫಾನ್ ಬಾಧಿತರ ಮಾಸಾಶನವು ಅಂಗವೈಕಲ್ಯದ ಶೇಕಡಾವಾರು ಪ್ರಮಾಣವನ್ನು ಆಧರಿಸಿದೆ. ಒಳ್ಳೆಯ ವಾರವೊಂದರ ದಾಖಲೆಯನ್ನು ಮುಂದಿಟ್ಟು ಒಬ್ಬರ ನೆರವನ್ನು ಕಡಿತಗೊಳಿಸುವಂತಾದರೆ, ಆರೈಕೆಗೆ ಬಂದ ಸಾಧನವೇ ಅವರಿಗೆ ಪ್ರತಿಕೂಲ ಸಾಕ್ಷಿಯಾದೀತು. ದಾಖಲೆ ಯಾರ ಕೈಸೇರುತ್ತದೆ, ಯಾವ ಉದ್ದೇಶಕ್ಕೆ ಬಳಕೆಯಾಗುತ್ತದೆ ಎಂಬುದನ್ನು ರೋಗಿಗೂ ಪಾಲಕರಿಗೂ ಅವರ ಮಾತಿನಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಈ ಕಾರಣದಿಂದ ಅನಿವಾರ್ಯ.

ಪಾರ್ಕಿನ್ಸನ್ ಬೀದಿಯಲ್ಲಿ ಕಂಡ ನಡಿಗೆಯನ್ನು ಅದು ನಡೆಯುವ ಸ್ಥಳದಲ್ಲಿಯೇ ದೀರ್ಘಕಾಲ ನೋಡುವ ಅವಕಾಶವನ್ನು ಸಂವೇದಕಗಳು ಮರಳಿ ಒದಗಿಸಿವೆ. ಆ ಸ್ಥಳದ ಏರುತಗ್ಗುಗಳನ್ನೂ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಆ ಅವಕಾಶವು ರೋಗಿಗೆ ಪ್ರಯೋಜನಕಾರಿಯಾಗುತ್ತದೆ.